ಕವಿತೆ ನುಂಗುವ ಕಲಶಕ್ಕೆ, ನನ್ನ ಮಗಳ ಕರಿಬೊಟ್ಟುಗಳ ವಿಷಯವಾಗಿ

ಮಾನ್ಯ ಕಲಶ ಮಹಾಶಯರೇ,

ಅಮೃತಶಿಲೆಯ ಮೈ, ಎರಡು ಹಿಡಿಗಳು, ಕೊರಳಿಗೆ ಗುಲಾಬಿ ಬಣ್ಣದ ರೇಷ್ಮೆಪಟ್ಟಿ, ಇಷ್ಟೆಲ್ಲ ಉಳ್ಳ ತಮ್ಮ ಸನ್ನಿಧಿಗೆ ಬಾತ್ ನಗರದ ನಿವಾಸಿಯೂ, ಹೆಂಡತಿಯನ್ನು ಕಳೆದುಕೊಂಡವನೂ, ಕಾಲುಬೇನೆಯವನೂ ಆದ ಆಂಬ್ರೋಸ್ ಟಿಡ್‌ಕೊಂಬ್ ಎಂಬ ನಾನು ಟೋಪಿ ತೆಗೆದು, ಸೊಂಟ ಒಪ್ಪಿದಷ್ಟು ಬಾಗಿ ವಂದಿಸುತ್ತೇನೆ. ಮನುಷ್ಯರಿಗೆ ಬರೆಯಬೇಕಾದ್ದನ್ನು ಕಲ್ಲಿಗೇಕೆ ಬರೆಯುತ್ತೀಯ ಎಂದು ತಾವಂತೂ ಕೇಳಲಾರಿರಿ. ಕೇಳುವವರು ಸುತ್ತ ಕೂತಿದ್ದಾರೆ, ಅವರಿಗೆ ಹೇಳುತ್ತೇನೆ: ಲೇಡಿ ವಿನಿಫ್ರೆಡ್ ಅವರ ಗುರುವಾರದ ಕೂಟದಲ್ಲಿ ತಮ್ಮೊಳಗೆ ಕವಿತೆ ಹಾಕುವವರು ಹೆಸರು ಬರೆಯಬಾರದೆಂಬುದು ಆ ಮನೆಯ ಕಟ್ಟಳೆ. ಹೆಸರಿಲ್ಲದವನಿಗೆ ಪತ್ರ ತಲುಪಿಸುವುದು ಯಾವ ಅಂಚೆಯವನಿಗೂ ಸಾಧ್ಯವಿಲ್ಲದ್ದರಿಂದ, ಅವನ ಮಾತನ್ನು ಅರ್ಧ ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ತಮ್ಮೊಳಗೇ ಇದನ್ನೂ ಹಾಕುತ್ತಿದ್ದೇನೆ. ತಮ್ಮ ಬಾಯಿಂದ ಬಂದ ಕಾಗದವನ್ನು ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಬೇಕು, ಓದು ಮುಗಿಯುವ ತನಕ ಯಾರೂ ಕುರ್ಚಿ ಬಿಟ್ಟು ಏಳಬಾರದು ಎಂಬುದೂ ಅಲ್ಲಿನ ಕಟ್ಟಳೆಯೇ. ಆದ್ದರಿಂದ ಸಭಿಕರೇ, ಬೆಣ್ಣೆ ಹಚ್ಚಿದ ಬನ್ನುಗಳನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಪತ್ರ ಸ್ವಲ್ಪ ಉದ್ದವಿದೆ.

ಕಲಶ ಮಹಾಶಯರೇ, ತಮ್ಮ ವಂಶದ ಹಿರಿಮೆ ನಾನು ಬಲ್ಲೆ. ಇಟಲಿಯ ಯಾವುದೋ ದ್ರಾಕ್ಷಿತೋಟ ಅಗೆಯುವಾಗ ತಾವು ಸಿಕ್ಕಿದಿರಂತೆ, ಒಳಗೆ ಯಾರೋ ರೋಮನ್ ಗೃಹಸ್ಥನ ಬೂದಿ ಇತ್ತಂತೆ. ಆ ಗೃಹಸ್ಥ ಸಾವಿರದ ಆರುನೂರು ವರ್ಷ ತಮ್ಮೊಳಗಿದ್ದು ಒಬ್ಬರ ಮೂಗಿನ ಬಗ್ಗೆಯೂ ಒಂದು ಮಾತು ಆಡಲಿಲ್ಲ. ಅವನನ್ನು ಕೊಡವಿ ಹೊರಗೆ ಚೆಲ್ಲಿ ನಮ್ಮ ಊರಿನ ಕವಿಗಳನ್ನು ತುಂಬಿಕೊಂಡಿರಲ್ಲ, ತಮ್ಮ ರಸಿಕತೆಯನ್ನು ಎಷ್ಟು ಹೊಗಳಿದರೂ ಸಾಲದು.

ಇನ್ನು ಆರು ವಾರಗಳ ಹಿಂದೆ ತಾವು ಹೆತ್ತ ಮಹಾಕಾವ್ಯದ ಮಾತು. ಅದು ಐದು ಸರ್ಗಗಳ ವೀರಕಾವ್ಯವೆಂದು ಕೇಳಿದಾಗ, ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಬೆಂಚು ಸವೆಸಿದವನಾದ ನನಗೆ ಸಂತೋಷವೇ ಆಯಿತು. ವೀರಕಾವ್ಯವನ್ನು ನಡುವಿನಿಂದ ಶುರುಮಾಡಬೇಕೆಂದೋ ನಡುವಿನಲ್ಲಿ ಬಿಟ್ಟುಬಿಡಬೇಕೆಂದೋ ನಮ್ಮ ಗುರುಗಳು ಹೇಳುತ್ತಿದ್ದರು. ಯಾವುದೆಂದು ಮರೆತಿದೆ, ನಾನಂತೂ ಎರಡನೆಯದನ್ನು ಪಾಲಿಸಿಕೊಂಡು ಬಂದೆ. ಮೊದಲಿಗೆ ಕಾವ್ಯದೇವಿಯನ್ನು ಕರೆಯಬೇಕು, ಹಡಗುಗಳ ಪಟ್ಟಿ ಕೊಡಬೇಕು, ನಾಯಕ ಅಳುವಾಗಲೂ ಆಯುಧ ಕೆಳಗಿಡಬಾರದು. ಇಷ್ಟು ನೆನಪಿದೆ. ನಮ್ಮ ಕವಿಗಳು, ಒಬ್ಬರೇ ಆದರೂ ಗೌರವಕ್ಕೆ ಬಹುವಚನ, ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಾರೆ. ದೇವಿಯ ಜಾಗದಲ್ಲಿ ಮುಖಕ್ಕೆ ಹಚ್ಚುವ ಪುಡಿ, ಹಡಗುಗಳ ಜಾಗದಲ್ಲಿ ಸೀಸೆ, ಡಬ್ಬಿ, ಬಾಚಣಿಗೆ. ಯುದ್ಧಭೂಮಿ ಮಾತ್ರ ನನ್ನ ಮಗಳು ಹೆಸ್ಟರಳ ಕೆನ್ನೆ.

ನಡೆದದ್ದೇನೆಂದು ಊರಿಗೆ ಗೊತ್ತು, ಆದರೂ ಕಲ್ಲಿಗೆ ಗೊತ್ತಿರಲಾರದೆಂದು ಹೇಳುತ್ತೇನೆ. ಬಿಸಿನೀರಿನ ಬುಗ್ಗೆಯ ಸಭಾಂಗಣದಲ್ಲಿ ಒಂದು ಬೆಳಿಗ್ಗೆ ನಾವೆಲ್ಲ, ಇಸ್ತ್ರಿಪೆಟ್ಟಿಗೆ ತೊಳೆದ ನೀರಿನ ರುಚಿಯ ಆ ತೀರ್ಥವನ್ನು ಆರೋಗ್ಯಕ್ಕೆಂದು ಕುಡಿಯುತ್ತಿದ್ದೆವು. ಹೆಸ್ಟರ್ ಸೀನಿದಳು. ಅವಳ ಕೆನ್ನೆಯ ಮೇಲಿದ್ದ ಅರ್ಧಚಂದ್ರಾಕಾರದ ಕರಿಬೊಟ್ಟು, ಅಂದರೆ ಕಪ್ಪು ರೇಷ್ಮೆ ಕತ್ತರಿಸಿ ಗೋಂದಿನಲ್ಲಿ ಅಂಟಿಸಿದ್ದು, ಕಿತ್ತು ಹಾರಿ ಪಕ್ಕದಲ್ಲಿದ್ದ ವಿಧವೆ ಮಿಸೆಸ್ ಗಾಸ್ಲಿಂಗ್ ಅವರ ಲೋಟದೊಳಗೆ ಬಿತ್ತು. ಬೊಟ್ಟು ಹೋದ ಜಾಗದಲ್ಲಿ ಸಿಡುಬಿನ ಕುಳಿ ಕಂಡಿತು. ಮಿಸೆಸ್ ಗಾಸ್ಲಿಂಗ್ ಕಿರುಚಿದರು. ಆಗಿದ್ದು ಇಷ್ಟೇ. ಇಷ್ಟನ್ನೇ ಐದು ಸರ್ಗಕ್ಕೆ ಹಿಗ್ಗಿಸಿದ ಪ್ರತಿಭೆಗೆ, ಒಂದು ಮೊಲದಲ್ಲಿ ರೆಜಿಮೆಂಟಿಗೆ ಸಾರು ಮಾಡುವ ಸೇನೆಯ ಅಡಿಗೆಯವನೂ ಕೈಮುಗಿಯಬೇಕು. ಬೊಟ್ಟು ಸೇನಾಪತಿಯಾಯಿತು, ಲೋಟ ಸಮುದ್ರವಾಯಿತು, ಬುಗ್ಗೆಯ ದೇವತೆ ಎದೆ ಬಡಿದುಕೊಂಡಳು, ಪಾಪದ ಬೊಟ್ಟು ಒಬ್ಬ ವಿಧವೆಯ ತುಟಿಯ ದಡಕ್ಕೆ ತೇಲಿಹೋಗಿ ವೀರಸ್ವರ್ಗ ಸೇರಿತು. ಕೊನೆಯ ಸರ್ಗದಲ್ಲಿ ನನ್ನ ಮಗಳ ಕೆನ್ನೆಯನ್ನು ಆಲಿಕಲ್ಲು ಬಿದ್ದ ಹೊಲವೆಂದು ಕರೆದು, ರೂಪದ ಸೊಕ್ಕಿಗೆ ಇದೇ ಮದ್ದೆಂಬ ನೀತಿ ಹೇಳಿ ಕವಿಗಳು ಲೇಖನಿ ಕೆಳಗಿಟ್ಟರು.

ಹೆಸ್ಟರ್ ಆ ಗುರುವಾರ ಮೂರನೆಯ ಕುರ್ಚಿಯಲ್ಲಿ ಕೂತಿದ್ದಳು. ಮೊದಲ ಸರ್ಗ ಮುಗಿಯುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಮಿಸೆಸ್ ಗಾಸ್ಲಿಂಗ್ ಬೀಸಣಿಗೆಯ ಮರೆಯಲ್ಲಿ, ಬೀಸಣಿಗೆ ಇಲ್ಲದಿದ್ದರೂ ಆಗುತ್ತಿದ್ದಷ್ಟು ಗಟ್ಟಿಯಾಗಿ, "ಅಯ್ಯೋ, ನಮ್ಮ ಟಿಡ್‌ಕೊಂಬ್ ಅವರ ಮಗಳಲ್ವೇನ್ರೀ ಇದು? ಪಾಪ, ಏಳೋ ಹಾಗೂ ಇಲ್ಲ ನೋಡಿ!" ಎಂದರು. ಏಳಲಿಲ್ಲ. ಐದೂ ಸರ್ಗ ಕೂತು ಕೇಳಿದಳು. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಕಟ್ಟಳೆಯೆಂದು ಇವಳೂ ತಟ್ಟಿದಳು. ಲೇಡಿ ವಿನಿಫ್ರೆಡ್ ಗೆದ್ದ ಕವಿಗೆಂದಿದ್ದ ಸೊಪ್ಪಿನ ಕಿರೀಟವನ್ನು, ಕಲಶ ಮಹಾಶಯರೇ, ತಮ್ಮ ಕಲ್ಲಿನ ಕೊರಳಿಗೇ ತೊಡಿಸಿದರು, ಕವಿಗಳು ನಾಚಿಕೊಂಡು ಮುಂದೆ ಬರಲಿಲ್ಲವಾದ್ದರಿಂದ. ಕವಿಗೆ ನಾಚಿಕೆಯಿದೆಯೆಂಬ ಸುದ್ದಿ ನನಗೆ ಆವತ್ತೇ ತಿಳಿದದ್ದು.

ಅಂದಿನಿಂದ ಹೆಸ್ಟರ್ ಮನೆಯ ಹೊಸ್ತಿಲು ದಾಟಿಲ್ಲ. ಚರ್ಚಿಗಾದರೂ ಹೋಗೋಣ ಬಾ ಎಂದು ಒಂದು ಭಾನುವಾರ ಹೇಗೋ ಒಪ್ಪಿಸಿ, ಹೊರುವ ಪಲ್ಲಕ್ಕಿ ತರಿಸಿದೆ. ಹೊರುವವರಲ್ಲಿ ಮುಂದಿನವನು ಬಾಗಿಲಲ್ಲೇ ನಿಂತು ನಮ್ಮ ಕೆಲಸದವಳಾದ ಪ್ರೂಳನ್ನು ಕೇಳಿದ: "ಯಾರನ್ನಮ್ಮಾ ಹೊರಬೇಕು? ಆಲಿಕಲ್ಲಿನ ಹೊಲದಮ್ಮನ್ನಾ?" ಪ್ರೂ ಬಿಡುವವಳಲ್ಲ. "ನಿನ್ನ ಮೂಗು ನೋಡ್ಕೊಳೋ ಮೊದ್ಲು, ಜಿನ್ ಕುಡ್ದು ಕುಡ್ದು ಮೂಲಂಗಿ ಆಗಿದೆ!" ಎಂದು ಬಾಗಿಲು ಬಡಿದಳು. ಆದರೆ ಹೆಸ್ಟರ್ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೋಗಿಯಾಗಿತ್ತು. ಕವಿಗಳ ಕೀರ್ತಿ ಪಲ್ಲಕ್ಕಿ ಹೊರುವವರ ಬಾಯಿಯವರೆಗೆ ಹಬ್ಬಿದ್ದಕ್ಕೆ ನಾನು ಅವರನ್ನು ಮನಸಾರೆ ಅಭಿನಂದಿಸುತ್ತೇನೆ; ಓದು ಬಾರದವರಿಗೂ ತಲುಪುವುದು ಎಲ್ಲ ಕಾವ್ಯಕ್ಕೂ ಸಿಗುವ ಭಾಗ್ಯವಲ್ಲ.

ಹೀಗಿರುವಾಗ ತಮ್ಮಲ್ಲಿ ನನ್ನ ಬಿನ್ನಹ ಬಹಳ ಸಣ್ಣದು. ಆ ಕಾವ್ಯವನ್ನು ತಾವು ದಯಮಾಡಿ ಮತ್ತೆ ನುಂಗಬೇಕು. ಕಾಗದವನ್ನಷ್ಟೇ ಅಲ್ಲ, ಕೇಳಿದವರ ಕಿವಿಗಳಿಂದ, ಅವರು ಪತ್ರ ಬರೆದು ತಿಳಿಸಿದ ಲಂಡನ್ನಿನ ನೆಂಟರ ಕಿವಿಗಳಿಂದ, ಪಲ್ಲಕ್ಕಿಯವನ ನಾಲಗೆಯಿಂದಲೂ ಒಂದೊಂದೇ ಸಾಲನ್ನು ಹೀರಿ ತೆಗೆದು ನುಂಗಬೇಕು. ಅದು ಆಗದಿದ್ದರೆ ಕವಿಗಳಿಗೆ ಒಂದೇ ಒಂದು ದಿನದ ಮಟ್ಟಿಗೆ ಸಿಡುಬಿನ ಕಲೆಗಳನ್ನು ಸಾಲವಾಗಿ ಕೊಡಿಸಬೇಕು, ಜೀವಕ್ಕೆ ಅಪಾಯವಾಗುವುದು ಬೇಡ. ಯಾರೇ ಆಗಿರಲಿ, ಈ ಕೂಟದ ಎಲ್ಲ ಗಂಡಸರಂತೆ ಅವರು ಬಿಳಿಪುಡಿ ಸುರಿದ ವಿಗ್ಗು ಹಾಕಿಕೊಂಡು, ಕರುಳು ಬಿಗಿಯುವಂಥ ನಡುಪಟ್ಟಿ ಕಟ್ಟಿಕೊಂಡು, ಮೀನಖಂಡ ತುಂಬಿ ಕಾಣಲೆಂದು ಕಾಲುಚೀಲದೊಳಗೆ ಹತ್ತಿ ತುರುಕಿಕೊಂಡು ಬಂದು ಹೆಣ್ಣಿನ ಒಂದು ಬೊಟ್ಟಿನಲ್ಲಿ ಸೊಕ್ಕು ಕಂಡುಹಿಡಿದವರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪರರ ತಟ್ಟೆಯ ನೊಣ ಓಡಿಸುವುದಕ್ಕೆ ತುಂಬ ದೊಡ್ಡ ಮನಸ್ಸು ಬೇಕು.

ಹೆಗ್ಗಣದ ಮಾತು ನಾನೇ ಎತ್ತಿದ್ದೇನೆ. ನನ್ನ ತಟ್ಟೆಯದನ್ನೂ ಹೇಳಿಬಿಡುತ್ತೇನೆ.

ಹೆಸ್ಟರಳಿಗೆ ಏಳು ವರ್ಷವಾಗಿದ್ದಾಗ ನಮ್ಮ ವೈದ್ಯರು ತೋಳಿನಲ್ಲಿ ಸಣ್ಣದಾಗಿ ಗೀರಿ ಸಿಡುಬಿನ ಕೀವು ಸೋಕಿಸುವ ಹೊಸ ಪದ್ಧತಿಯ ಮಾತೆತ್ತಿದರು. ಮಗು ಎರಡು ವಾರ ಜ್ವರದಲ್ಲಿದ್ದು ಏಳುತ್ತದೆ, ಆಮೇಲೆ ಜನ್ಮದಲ್ಲಿ ಭಯವಿಲ್ಲ ಎಂದರು. ಅಪಾಯ ಇಲ್ಲದಿಲ್ಲ, ಕೆಲವರು ಅದರಲ್ಲೇ ಹೋಗುತ್ತಾರೆ ಎಂದೂ ಹೇಳಿದರು. ನಾನು ಆ ಅಪಾಯಕ್ಕೆ ಹೆದರಿ ಬೇಡವೆಂದಿದ್ದರೆ ಇಂದು ಇದನ್ನು ತಪ್ಪೊಪ್ಪಿಗೆಯಾಗಿ ಬರೆಯಬೇಕಾಗಿರಲಿಲ್ಲ; ನಾನು ಬೇಡವೆಂದದ್ದು ಬೇರೆ ಕಾರಣಕ್ಕೆ. ನನ್ನ ಹೆಂಡತಿ ಸುಸಾನಾ, "ಮಾಡಿಸೋಣ ರೀ, ನನಗೂ ಆಗಿಲ್ಲ, ಇಬ್ಬರಿಗೂ ಒಟ್ಟಿಗೇ ಮಾಡಿಸೋಣ," ಎಂದಳು. ನಾನು ಹೇಳಿದ್ದು ಅಕ್ಷರಶಃ ಹೀಗೆ: "ತೋಳಿನ ಮೇಲೆ ಕಲೆ ಉಳಿದುಬಿಡುತ್ತೆ ಕಣೇ. ನಾಳೆ ಗಿಡ್ಡ ತೋಳಿನ ಉಡುಪು ಹಾಕ್ಕೊಂಡು ಕುಣಿಯೋಕೆ ಹೋದ್ರೆ ಜನ ಏನಂತಾರೆ?" ಅಗಸೆಬೀಜದಷ್ಟು ಅಗಲದ ಕಲೆ. ಮೂರು ವರ್ಷದ ನಂತರ ಸಿಡುಬು ನಮ್ಮ ಬೀದಿಗೆ ಬಂತು. ಸುಸಾನಾ ಒಂಬತ್ತನೆಯ ದಿನ ಹೋದಳು. ಹೆಸ್ಟರ್ ಉಳಿದಳು. ತೋಳುಗಳು ಇವತ್ತಿಗೂ ಹಾಲಿನಂತಿವೆ, ಯಾರು ಬೇಕಾದರೂ ಮೆಚ್ಚಿಕೊಳ್ಳಬಹುದು. ಮೊದಲ ಕರಿಬೊಟ್ಟಿನ ಡಬ್ಬಿ ಅವಳ ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಕೊಂಡು ತಂದವನು ನಾನೇ.

ಮೊನ್ನೆ ಈ ಪತ್ರದ ಕರಡನ್ನು ಬರೆಯುತ್ತ ಇಷ್ಟರವರೆಗೆ ಬಂದಾಗ ಇನ್ನು ತಡೆಯಲಾಗದೆ ಮೇಲಿನ ಕೋಣೆಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಯುತ್ತಿದ್ದ ಬಟ್ಟೆಯಿಂದ ತಲೆಯೆತ್ತಲಿಲ್ಲ.

"ಗೊತ್ತಪ್ಪಾ," ಎಂದಳು. "ಅಮ್ಮ ಜ್ವರದಲ್ಲಿ ಹೇಳಿದ್ರು."

"ಗೊತ್ತಿದ್ದೂ ಇಷ್ಟು ವರ್ಷ ಒಂದು ಮಾತೂ ಅನ್ನಲಿಲ್ವಲ್ಲ ಮಗು?"

"ಅಂದಿದ್ರೆ ನೀವು ನನ್ನ ಮುಖ ನೋಡೋದು ಪೂರ್ತಿ ಬಿಟ್ಬಿಡ್ತಿದ್ರಿ. ಬೊಟ್ಟು ಯಾರಿಗೋಸ್ಕರ ಅಂಟಿಸ್ಕೊಂಡೆ ಅಂದ್ಕೊಂಡಿದ್ದೀರಿ? ಊರಿನವರಿಗಾ? ಊಟದ ಮೇಜಲ್ಲಿ ಎದುರಿಗೆ ಕೂತು ನೀವು ಉಪ್ಪಿನ ಬಟ್ಟಲನ್ನ ನೋಡ್ಕೊಂಡು ನನ್ ಹತ್ರ ಮಾತಾಡ್ತಿದ್ರಿ. ಬೊಟ್ಟು ಹಾಕ್ಕೊಂಡ ದಿನ ಮೊದಲನೇ ಸಲ ನನ್ನನ್ನೇ ನೋಡಿ ಮಾತಾಡಿದ್ರಿ."

ಕಾಲುಬೇನೆಯವನು ನಾನು, ನಿಂತೇ ಇದ್ದೆ. ಕೂರಿ ಎಂದು ಅವಳೂ ಹೇಳಲಿಲ್ಲ.

ಹೊಲಿಗೆ ಕೆಳಗಿಟ್ಟು ಅವಳೇ ಕೈಚಾಚಿ ನನ್ನ ಕೈಯಲ್ಲಿದ್ದ ಕರಡನ್ನು ಇಸಿದುಕೊಂಡು ಓದಿದಳು. ಮೊಲದ ಸಾರಿನ ಹತ್ತಿರ ನಕ್ಕಳು. ಹಡಗುಗಳ ಪಟ್ಟಿಯ ಹತ್ತಿರ, "ನಿಮಗೆ ಕಾಲೇಜು ಅಷ್ಟೇನೂ ಮರೆತಿಲ್ಲಪ್ಪ," ಎಂದಳು. ಆಮೇಲೆ, "ಇದನ್ನ ಕಲಶಕ್ಕೆ ಹಾಕಿದ್ರೆ ಆ ಮಿಸೆಸ್ ಗಾಸ್ಲಿಂಗ್ ಕೈಗೆ ಸಿಕ್ಕಿ, ಅವರು ಮೂಗಿನಲ್ಲಿ ಓದಿ ಕೆಡಿಸ್ತಾರೆ. ಲೇಡಿ ವಿನಿಫ್ರೆಡ್‌ಗೆ ಚೀಟಿ ಕಳಿಸಿ, ಈ ಗುರುವಾರ ಕಾಗದ ಎತ್ತಿ ಓದೋಳು ನಾನು ಅಂತ. ನಾವಾಡಿದ್ದನ್ನೂ ಸೇರಿಸಿ ಶುದ್ಧಪ್ರತಿ ಬರೀರಿ. ಬರೆಯೋವಾಗ ನನ್ನನ್ನ 'ಪಾಪ' ಅಂತ ಒಂದ್ಸಲಾನೂ ಬರೀಬೇಡಿ," ಎಂದಳು. ಒಂದು ಸಲ ಬರೆದಿದ್ದೆ, ಅದನ್ನು ಹೊಡೆದುಹಾಕಿದ್ದೇನೆ. ಮಿಸೆಸ್ ಗಾಸ್ಲಿಂಗ್ ಅವರದ್ದನ್ನು ಅವರದೆಂದೇ ಉಳಿಸಿಕೊಂಡಿದ್ದೇನೆ. ಇನ್ನೊಂದು 'ಪಾಪ' ಲೋಟಕ್ಕೆ ಬಿದ್ದ ಬೊಟ್ಟಿನ ಪಾಲಿಗೆ ಹೋಯಿತು.

ಆದುದರಿಂದ ಕಲಶ ಮಹಾಶಯರೇ, ನುಂಗುವ ಬಿನ್ನಹವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಾವು ಏನನ್ನೂ ನುಂಗುವುದು ಬೇಡ. ಇಗೋ, ತಮ್ಮ ಪಕ್ಕದಲ್ಲಿ ನಿಂತು ಇಷ್ಟು ಹೊತ್ತು ಇದನ್ನು ಓದುತ್ತಿರುವವಳು ಅವಳೇ. ಕೆನ್ನೆಯ ಮೇಲೆ ಪುಡಿಯಿಲ್ಲ, ಬೊಟ್ಟಿಲ್ಲ.

ಕಲ್ಲಿಗಿಂತ ಹೆಚ್ಚಿನದನ್ನು ಈ ಕೋಣೆಯಲ್ಲಿ ಯಾರಿಂದಲೂ ನಿರೀಕ್ಷಿಸದ,
ತಮ್ಮ ವಿಶ್ವಾಸಿ,
ಆಂಬ್ರೋಸ್ ಟಿಡ್‌ಕೊಂಬ್

ಮರೆತ ಮಾತು: ಮಹಾಕವಿಗಳು ಈ ಹೊತ್ತು ಜಮಖಾನದ ಹೂಗಳನ್ನು ಎಣಿಸುತ್ತಿರಬಹುದು. ಅವರು ಯಾರೆಂದು ನಾವು ಕೇಳುವುದಿಲ್ಲ, ಕಟ್ಟಳೆ ಕಟ್ಟಳೆಯೇ. ಆದರೆ ದೂರದಿಂದ ಒಮ್ಮೆ ಕಂಡ ಮುಖದ ಮೇಲೆ ಐದು ಸರ್ಗ ಬರೆದವರಿಗೆ ಹತ್ತಿರದಿಂದ ನೋಡುವ ಅವಕಾಶ ತಪ್ಪಬಾರದು. ಅವರು ತಲೆಯೆತ್ತುವ ತನಕ ಹೆಸ್ಟರ್ ಹೀಗೇ ನಿಂತಿರುತ್ತಾಳೆ. ನಾನು ಬಾಗಿಲ ಹತ್ತಿರ ಕೂತು ಅವಳನ್ನೇ ನೋಡುತ್ತಿದ್ದೇನೆ. ಅಷ್ಟೇನೂ ಕಷ್ಟವಿಲ್ಲ, ಮಹಾಕವಿಗಳೇ, ಧೈರ್ಯ ಮಾಡಿ.