ನಡುವಿನ ಹೆಂಗಸಿನ ಕೈ

ನಕಲು ಮಾಡುವುದು ಸುಲಭ ಎನ್ನುವವರು ಏನನ್ನೂ ನೆಟ್ಟಗೆ ನಕಲು ಮಾಡಿರಲಾರರು. ಕಾನ್ವೆಂಟಿನಲ್ಲಿ ಎಲ್ಲರೂ ಒಂದೇ ಮಾದರಿ ನೋಡಿ ಗುಲಾಬಿಯ ಕಸೂತಿ ಹಾಕಿದರೆ, ನನ್ನದು ಮಾತ್ರ ಎಲೆಕೋಸಿನ ಹಾಗೆ ಅರಳುತ್ತಿತ್ತು. ಅಂಥ ನಾನು ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಎಣ್ಣೆಬಣ್ಣದ ಚಿತ್ರ ಕಲಿಯಲು ಹೊರಟೆ. ಕಲಿಸಲು ಒಪ್ಪಿದ, ಅಲ್ಲಿನ ಕಾನ್ವೆಂಟಿನ ಸಿಸ್ಟರ್ ಮೊದಲ ಪಾಠಕ್ಕೆ ಒಂದು ಮಾವಿನಹಣ್ಣು ಕೊಡಬಾರದಿತ್ತೇ? ಕೊಟ್ಟದ್ದು ಶತಮಾನಗಳ ಹಿಂದೆ ಇಟಲಿಯವನೊಬ್ಬ ಬರೆದ ಚಿತ್ರದ ಅಚ್ಚಿನ ಪ್ರತಿ. ತೋಟವೊಂದರಲ್ಲಿ ಎಂಟು ಜನ, ಮೇಲೆ ಹಾರುವ ಮಗು ಬೇರೆ. "ಇವರು ಮನುಷ್ಯರಲ್ಲ, ಒಬ್ಬೊಬ್ಬರೂ ಒಂದೊಂದು ಭಾವ. ಇವಳು ವಸಂತ, ಈ ಮೂವರು ಚೆಲುವು, ನಡುವಿನವಳು ಪ್ರೀತಿ. ನಕಲು ಮುಗಿಸಿ ನಾಲ್ಕು ಜನ ಕಾಣುವಲ್ಲಿ ತೂಗುಹಾಕು. ಅಲ್ಲಿಯವರೆಗೆ ಹೊಸ ಪಾಠ ಇಲ್ಲ," ಎಂದರು.

ನಾಲ್ಕು ಜನ ಕಾಣುವ ಜಾಗವೆಂದರೆ ನಮ್ಮ ಚಾವಡಿ. ಚಾವಡಿಯೆಂದರೆ ಅತ್ತೆಯ ರಾಜ್ಯ.

ಕ್ಯಾನ್ವಾಸಿನ ಬದಲು ಮೈದಾ ಚೀಲ ಒಗೆದು, ಸರೇಸಿನ ಅಂಟು ಬಳಿದು ಚೌಕಟ್ಟಿಗೆ ಬಿಗಿದೆ. ಬರೆಯುತ್ತಾ ಹೋದಂತೆ ಆ ಇಟಲಿಯವನ ಮೇಲೆ ಭಕ್ತಿಯೇ ಹುಟ್ಟಿತು. ಕಾಲಿನ ಹೆಬ್ಬೆರಳಿನಡಿ ಬಗ್ಗಿದ ಹುಲ್ಲಿಗೂ ಅವನು ಮರೆಯದೆ ಚೂರು ಬೆಳಕು ಇಟ್ಟಿದ್ದ! ಆದರೆ ಸಿಸ್ಟರ್ ಆ ಹಾಳೆಯನ್ನು ಎಷ್ಟು ಕಾಲ ಮಡಿಸಿಟ್ಟಿದ್ದರೋ, ನಡುವಿನವಳ ಬಲಗೈ ಮಡಿಕೆಯಲ್ಲಿ ಸವೆದುಹೋಗಿತ್ತು. ತೋಳು ಎದ್ದಿದೆ, ಅಂಗೈ ಇಲ್ಲ. ನಾನು ಬರೆದ ಅಂಗೈಗಳೆಲ್ಲ ಬಾಳೆಗೊನೆಗಳಾದವು.

ಕುಂಚ ತೊಳೆಯುವ ಟರ್ಪೆಂಟೈನನ್ನು ಗಂಟುನೋವಿಗೆ ಹಚ್ಚಿಕೊಳ್ಳಲು ಅತ್ತೆ ಬಂದದ್ದು ಆಗಲೇ.

"ಇದು ಎಂತ ಮಾರಾಯ್ತಿ, ಈ ಮೂವರದ್ದು ಬಟ್ಟೆಯಾ? ನಮ್ಮ ಮೈ ಒರೆಸುವ ಬೈರಾಸೇ ಇದಕ್ಕಿಂತ ದಪ್ಪ ಉಂಟು. ಚಾವಡಿಗೆ ಬೇಡ."

"ಅವರು ಮನುಷ್ಯರಲ್ಲ ಅತ್ತೆ, ಭಾವಗಳು."

"ಭಾವಗಳಿಗೆ ಚಳಿ ಆಗುದಿಲ್ವಾ?"

ಹಾಗೆಂದರೂ ಅವರು ಹೋಗಲಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತಾ, ನಾನು ತಿಂಗಳುಗಟ್ಟಲೆ ನೋಡಿಯೂ ಕಾಣದ್ದನ್ನು ಕಂಡರು.

"ಓ, ಈ ಕೋಲಿನವ ದೋಟಿ ಹಿಡಿದು ಹಣ್ಣು ಕೊಯ್ಯುದು. ಉಳಿದವರಿಗೆ ಕುಣಿತವೇ ಕೆಲಸ. ನಡುವಿನವಳು ಮನೆಯವಳು, ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಮತ್ತೆ? ಎಲ್ಲರೂ ಅವರವರ ಗಮ್ಮತ್ತಿನಲ್ಲಿ. ಇವಳೊಬ್ಬಳೇ ಎಲ್ಲರನ್ನೂ ನೋಡಿಕೊಂಡು ನಿಂತದ್ದು. ಅನ್ನ ಆರ್ತದೆ, ಬನ್ನಿ ಅಂತ ಕರೆಯುದು. ಕೈ ಎಲ್ಲಿ ಹೋಯ್ತು ಇವಳದ್ದು?"

"ಅದೇ ಗೊತ್ತಾಗ್ತಾ ಇಲ್ಲ. ನೀವೇ ಒಮ್ಮೆ ಕರೆದು ತೋರಿಸಿ, ಅತ್ತೆ."

ಅತ್ತೆ ಸೆರಗು ಸರಿಮಾಡಿ ನಿಂತು, ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಮೆಲ್ಲನೆ ಒಳಗೆ ಎಳೆದುಕೊಂಡರು. ಕಾಯಿ ತುರಿದು ತುರಿದು ಸ್ವಲ್ಪ ಸೊಟ್ಟಗಾದ ಕಿರುಬೆರಳು. ಸಿಸ್ಟರ್ ಹೇಳಿದ ಪ್ರೀತಿ ನಮ್ಮ ಮನೆಯಲ್ಲೇ ದಿನಕ್ಕೆರಡು ಹೊತ್ತು ಕೈ ಎತ್ತುತ್ತಿತ್ತು. ನಾನು ಅದನ್ನು ಊಟದ ಕರೆ ಎಂದಷ್ಟೇ ತಿಳಿದಿದ್ದೆ.

"ಬೇಗ ಬರಿ. ಸಾರು ಉಕ್ಕಿದರೆ ಒರೆಸುದು ನೀನೇ."

ಮರುವಾರ ಚಾವಡಿಯಲ್ಲಿ ಮೊಳೆ ಹೊಡೆಸಿದ್ದು ಸ್ವತಃ ಅತ್ತೆ. ಬಟ್ಟೆಯ ವಿಷಯ ನಾನೇ ನೆನಪಿಸಿದೆ. "ಮನೆಯವಳು ಸೆರಗು ಸರಿ ಹೊದ್ದಿದ್ದಾಳಲ್ಲ, ಸಾಕು," ಎಂದರು.

ಸಿಸ್ಟರ್ ನೋಡಲು ಬಂದರು. ವಸಂತಕ್ಕೆ ಹುಬ್ಬು ಗಂಟಿಕ್ಕಿದರು, ಚೆಲುವೆಯರಿಗೆ ಒಂದು ನಿಟ್ಟುಸಿರು. ಕೊನೆಗೆ, "ಈ ಕೈ ಮಾತ್ರ ಜೀವಂತ. ಎಲ್ಲಿಂದ ನಕಲು ಮಾಡಿದೆ?" ಎಂದರು. ಕಾಫಿ ತಂದ ಅತ್ತೆ ನಾನು ಬಾಯಿ ತೆರೆಯುವ ಮೊದಲೇ, "ಚಿತ್ರ ಇವಳದ್ದು ಸಿಸ್ಟರ್, ಕೈ ನನ್ನದು," ಎಂದುಬಿಟ್ಟರು. ಚಾವಡಿಗೆ ಬಂದವರಿಗೆಲ್ಲ ಇಂದಿಗೂ ಅದೇ ಉತ್ತರ.

ಹೊಸ ಪಾಠವೇನೋ ಸಿಕ್ಕಿತು: ಒಂದೇ ಒಂದು ಮಾವಿನಹಣ್ಣು. ಅದು ದಿನದಿಂದ ದಿನಕ್ಕೆ ಎಲೆಕೋಸಾಗುತ್ತಿದೆ. ಮಾವಿನಹಣ್ಣಾಗಿ ನಿಲ್ಲಿ ಎಂದು ಅತ್ತೆಯನ್ನು ಕೇಳುವ ಧೈರ್ಯ ನನಗಿಲ್ಲ.