ಅಂದಾಜಿನಲ್ಲಿ ಕುಗ್ಗಿದ ಮನೆ

ಹೊರಗೋಡೆಗಳ ಪ್ಲಾಸ್ಟರಿಂಗಿಗೆ ಎಷ್ಟು ಖರ್ಚಾದೀತೆಂಬುದನ್ನು ಸ್ವತಃ ನಾನೇ ಲೆಕ್ಕ ಹಾಕುವುದಾಗಿ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ. ಗ್ರಂಥಾಲಯದಲ್ಲಿ ಸಾವಿರಾರು ಪುಸ್ತಕಗಳನ್ನು ಅವುಗಳ ಜಾಗದಲ್ಲಿ ಅಲುಗಾಡದಂತೆ ನಿಲ್ಲಿಸಿರುವ ಮನುಷ್ಯನಿಗೆ, ತಾವಾಗಿಯೇ ನಿಂತಿರುವ ನಾಲ್ಕು ಗೋಡೆಗಳು ಯಾವ ಲೆಕ್ಕ!

ನಮ್ಮದು ಒಳಗಿನಿಂದ ನೋಡಿದರೆ ಮನೆ, ಹೊರಗಿನಿಂದ ನೋಡಿದರೆ ಇಟ್ಟಿಗೆ ಗೂಡು. ಕಟ್ಟಿಸುವಾಗ ಒಳಗಿನ ಗಾರೆ ಮುಗಿಯುವಷ್ಟರಲ್ಲಿ ನಮ್ಮ ಕೈ ಖಾಲಿಯಾಗಿತ್ತು. ಅಂದಿನಿಂದ ಹೊರಗೋಡೆ ಬರಿಮೈಯಲ್ಲೇ ನಿಂತಿದೆ. ಮಳೆಗಾಲದಲ್ಲಿ ಹಿತ್ತಿಲ ಕಡೆಯಿಂದ ಗಾಳಿ ಬೀಸಿದರೆ ಅತ್ತೆಯವರ ಕೋಣೆಯ ಗೋಡೆ ಜ್ವರ ಬಂದವರಂತೆ ಬೆವರುತ್ತದೆ. ಹೋದ ಮಳೆಗಾಲ ಅವರು ಕೆಮ್ಮುತ್ತಲೇ ಕಳೆದಿದ್ದರು. ಈ ಸಲ ಮಳೆಗೆ ಮುಂಚೆ ಗಾರೆ ಆಗಲೇಬೇಕೆಂದು ಹೆಂಡತಿ ಮೇಸ್ತ್ರಿಯನ್ನು ಕರೆಸಿದಳು. ಆತ ಮನೆಯನ್ನು ಒಂದು ಸುತ್ತು ಹಾಕಿ, ಗಡ್ಡ ಕೆರೆದುಕೊಂಡು ಒಂದು ಮೊತ್ತ ಹೇಳಿದ.

"ಇದು ನಮ್ಮ ಮನೆಗೆ ಹೇಳಿದ್ದಾ, ಅರಮನೆಗೆ ಹೇಳಿದ್ದಾ?" ಎಂದೆ, ಆತ ಗೇಟು ದಾಟಿದ ಮೇಲೆ.

"ಸುಮ್ನಿರಿ. ದಿನಾ ಅದೇ ಕೆಲಸ ಮಾಡೋನು."

"ನಾನೇ ಅಳೆದು ತೋರಿಸ್ತೀನಿ."

"ಕೆಳಗೆ ನೋಡ್ಕೊಂಡು ಅಳೀರಿ," ಎಂದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಪಕ್ಕದಲ್ಲಿ ಕೂತವರು ಖಂಡಿತ ಎಲ್ಲಿಗಾದರೂ ಗುದ್ದುತ್ತಾರೆಂದು ಮೊದಲೇ ನಂಬಿರುವುದು ಅವಳ ವೃತ್ತಿಧರ್ಮ.

ಅವಳು ಕ್ಲಾಸಿಗೆ ಹೋದ ಮೇಲೆ ಟೇಪು ತೆಗೆದೆ. ಒಂದು ತುದಿ ಹಿಡಿಯಲು ಇನ್ನೊಬ್ಬರು ಬೇಕಲ್ಲ, ಅತ್ತೆಯವರನ್ನು ಕೇಳಿಕೊಂಡೆ. "ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ. ಏನೇ ಆದ್ರೂ ಬಿಡಬೇಡಿ."

"ಬಿಡಲ್ಲ, ನೀವು ಹೋಗಿ," ಎಂದು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು.

ನನ್ನ ಕಷ್ಟವೇನೆಂದರೆ, ಗೋಡೆಯನ್ನು ನೋಡಿದರೆ ನನಗೆ ಆ ಗೋಡೆ ಕಾಣುವುದಿಲ್ಲ, ಮುಂದೆ ಆಗಲಿರುವ ಗೋಡೆ ಕಾಣುತ್ತದೆ. ಟೇಪು ಬಿಚ್ಚುತ್ತ ನಡೆದಂತೆ ಒರಟು ಇಟ್ಟಿಗೆಗಳು ಒಂದೊಂದಾಗಿ ಕರಗಿದವು. ಅವುಗಳ ಜಾಗದಲ್ಲಿ ನುಣುಪಾದ, ಬೆಳಗಿನ ಮೋಡದ ಬಣ್ಣದ ಗೋಡೆ ಎದ್ದಿತು. ಅದರ ಮೇಲೆ ಕಿಟಕಿಯ ನೆರಳು ನಿಧಾನವಾಗಿ ಜಾರುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, ಇದು ಯಾರ ಮನೆಯೆಂದು ಪಿಸುಗುಟ್ಟುತ್ತಿದ್ದರು. ನಾನು ಆ ಬಣ್ಣದೊಳಗೆ ತೇಲುತ್ತ ಮೂಲೆ ತಲುಪಿ, ಟೇಪು ನೋಡಿ, ಅಂಕಿ ಬರೆದುಕೊಂಡೆ. ಹಿಂದೆ ತಿರುಗಿ ಮಾತ್ರ ನೋಡಲಿಲ್ಲ. ನೋಡಿದ್ದರೆ, ಟೇಪಿನ ತುದಿಯನ್ನು ಎದೆಗವಚಿಕೊಂಡು ನನ್ನ ಬೆನ್ನ ಹಿಂದೆಯೇ ಮೆಲ್ಲನೆ ಬರುತ್ತಿದ್ದ ಅತ್ತೆಯವರು ಕಾಣುತ್ತಿದ್ದರು.

ಹೀಗೆ ಮನೆಯ ಸುತ್ತ ನಮ್ಮ ಮೆರವಣಿಗೆ ಮುಗಿಯಿತು. ಉದ್ದವನ್ನು ಎತ್ತರದಿಂದ ಗುಣಿಸಿ, ಕಿಟಕಿ ಬಾಗಿಲುಗಳನ್ನು ಧಾರಾಳವಾಗಿ ಕಳೆದು, ಸಂಜೆ ಹೆಂಡತಿಯ ಮುಂದೆ ಅಂದಾಜು ಮಂಡಿಸಿದೆ. ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧವೂ ಇರಲಿಲ್ಲ.

"ನಮ್ಮ ಮನೆ ಇಷ್ಟು ಚಿಕ್ಕದಾ ರೀ?"

"ಪ್ರೀತಿಯಿಂದ ಬದುಕೋರಿಗೆ ದೊಡ್ಡದಾಗಿ ಕಾಣುತ್ತೆ."

ಅವಳು ಲೆಕ್ಕದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆದರೆ ಹೊಗಳಿಕೆ ತನಗೂ ಸೇರಿದ್ದರಿಂದ ಸುಮ್ಮನಾದಳು.

ಮೇಸ್ತ್ರಿ ಸುಮ್ಮನಾಗಲಿಲ್ಲ. "ಸಾಮಾನು ಕಮ್ಮಿ ಬೀಳುತ್ತೆ ಸಾರ್."

"ಅಳೆದಿದ್ದೀನಪ್ಪ, ಟೇಪು ಹಿಡಿದು."

"ಟೇಪು ಹಿಡಿದಿದ್ರೆ ಸರಿ ಸಾರ್. ನನಗೆ ದಿನಗೂಲಿ ಕೊಡಿ, ಇರೋಷ್ಟು ಬಳಿತೀನಿ."

ನಾನು ಹೇಳಿದಷ್ಟೇ ಮರಳು, ಸಿಮೆಂಟು ಬಂದವು. ಉಳಿತಾಯವಾಯಿತೆಂದು ಭಾವಿಸಿದ ಹಣದಲ್ಲಿ ಒಂದು ಉಯ್ಯಾಲೆ ತಂದು ಅಂಗಳಕ್ಕೆ ಹಾಕಿಸಿದೆ. "ಮೊದಲು ಅಮ್ಮನ ಕೋಣೆ ಕಡೆ ಶುರುಮಾಡಿಸಿ," ಎಂದಳು ಹೆಂಡತಿ. ಎಲ್ಲ ಕಡೆಯೂ ಆಗುವುದೇ ಅಲ್ಲವೇ ಎಂದು ನಾನು ಮೇಸ್ತ್ರಿಗೆ ಮುಂಭಾಗ ತೋರಿಸಿದೆ. ನನ್ನ ಮೋಡದ ಬಣ್ಣದ ಗೋಡೆಯನ್ನು ನೋಡಲು ನನಗೆ ಆತುರ.

ಮುಂಭಾಗದ ಗೋಡೆ ಮುಗಿದ ಸಂಜೆಯನ್ನು ನಾನು ಮರೆಯಲಾರೆ. ಹಸಿ ಗಾರೆಯ ಮೇಲೆ ಇಳಿಬಿಸಿಲು ಹಾಲಿನಂತೆ ಹರಡಿತ್ತು. ಹೆಂಡತಿ ಕಾರಿನ ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ಉಯ್ಯಾಲೆಯಲ್ಲಿ ಕೂತಳು. ದಿನವಿಡೀ ಬ್ರೇಕಿನ ಮೇಲಿದ್ದ ಅವಳ ಕಾಲು ಗಾಳಿಯಲ್ಲಿ ತೂಗುತ್ತಿತ್ತು. "ಚೆನ್ನಾಗಿದೆ ರೀ," ಎಂದಳು, ಕಣ್ಣು ಅರ್ಧ ಮುಚ್ಚಿ. ಹಿತ್ತಿಲ ಕಡೆ ಮೋಡ ಗುಡುಗಿದ್ದು ನಮ್ಮಿಬ್ಬರಿಗೂ ಕೇಳಿಸಲಿಲ್ಲ.

ಮರುದಿನ ಪಕ್ಕದ ಗೋಡೆ ಅರ್ಧವಾಗುವಾಗ ಮೇಸ್ತ್ರಿ ಖಾಲಿ ಚೀಲ ಕೊಡವಿ ನನ್ನ ಮುಂದಿಟ್ಟ. "ಮುಗೀತು ಸಾರ್."

"ಕೆಲಸಾನಾ?"

"ಸಾಮಾನು."

ಹೆಂಡತಿ ಟೇಪು ತರಿಸಿದಳು. ನನ್ನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ತಾನು ಇನ್ನೊಂದು ಮೂಲೆಗೆ ನಡೆಯತೊಡಗಿದಳು. ನಾನು ನಿಂತಲ್ಲೇ ನಿಂತದ್ದನ್ನು ಕಂಡು ಅತ್ತೆಯವರಿಗೆ ಕಸಿವಿಸಿ. "ನಿಂತುಬಿಟ್ರಲ್ಲ ಅಳಿಯಂದಿರೇ? ಹಿಡ್ಕೊಂಡು ಅವಳ ಹಿಂದೇ ಹೋಗಿ. ಅವತ್ತು ನಾನು ಹಾಗೇ ಬಂದೆ."

ಮೇಸ್ತ್ರಿ ಕರಣೆ ಕೆಳಗಿಟ್ಟ. ಹೆಂಡತಿ ತಿರುಗಿದಳು. "ಯಾಕಮ್ಮಾ?"

"ಮೇಲೆ ನೋಡ್ಕೊಂಡು ಹೋಗ್ತಿದ್ರು, ಎಲ್ಲಿ ಎಡವಿ ಬೀಳ್ತಾರೋ ಅಂತ ಭಯ ಆಯ್ತು. ಬಿಡಬೇಡಿ ಅಂದಿದ್ರು, ಟೇಪು ಬಿಡಲಿಲ್ಲ ನಾನು."

ಇಷ್ಟು ಅಕ್ಕರೆಯ ಮೇಲೆ ಯಾರು ಸಿಟ್ಟಾಗಲು ಸಾಧ್ಯ? ಹೆಂಡತಿಯ ಸಿಟ್ಟೆಲ್ಲ ಎಲ್ಲೂ ಹಂಚಿಹೋಗದೆ ನನ್ನೊಬ್ಬನ ಪಾಲಿಗೇ ಬಂತು. "ನಿಮ್ಮ ಅಂದಾಜಲ್ಲಿ ಅಂದ ಒಂದೇ ಇದ್ದಿದ್ದು," ಎಂದಳು. ಮೇಸ್ತ್ರಿಗೆ ಅವನು ಮೊದಲು ಹೇಳಿದ ಮೊತ್ತಕ್ಕೇ ಒಪ್ಪಿದಳು. ಉಯ್ಯಾಲೆ ಬಂದ ಅಂಗಡಿಗೇ ತೂಗುತ್ತ ಮರಳಿತು.

ಆದರೆ ಹೊಸ ಮರಳು ಬರುವ ಮೊದಲೇ ಮಳೆ ಬಂತು. ಬಿಟ್ಟೂ ಬಿಡದೆ ಹಿತ್ತಿಲ ಕಡೆಯಿಂದಲೇ ಹೊಡೆಯಿತು. ಒದ್ದೆ ಗೋಡೆಗೆ ಈಗ ಕೈ ಹಚ್ಚುವಂತಿಲ್ಲ, ಮಳೆ ಬಿಡಲಿ ಎಂದ ಮೇಸ್ತ್ರಿ. ಅತ್ತೆಯವರು ನಮ್ಮ ಕೋಣೆಯಲ್ಲಿ ಮಗಳ ಜೊತೆ ಬೆಚ್ಚಗೆ ಮಲಗಿದರು. ಈ ಸಲ ಒಮ್ಮೆಯೂ ಕೆಮ್ಮಲಿಲ್ಲ. ಅವರ ಕೋಣೆ ನನಗೆ ಬಂತು, ಕೆಮ್ಮಿನ ಸಮೇತ.

ಒಂದು ಬೆಳಿಗ್ಗೆ ಹೆಂಡತಿ ಬಿಸಿನೀರು ಹಿಡಿದು ಒಳಗೆ ಬಂದಾಗ ನಾನು ಕಂಬಳಿ ಹೊದ್ದು ಗೋಡೆಯನ್ನೇ ನೋಡುತ್ತಿದ್ದೆ. ರಾತ್ರಿಯ ತೇವ ಅಲ್ಲಿ ದೊಡ್ಡದಾಗಿ ಹರಡಿ, ಅಂಚಿನಲ್ಲಿ ಮಾಸಲು ನೀಲಿಗೆ ತಿರುಗಿತ್ತು.

"ಏನ್ರೀ ಅದು ಅಷ್ಟೊಂದು ನೋಡ್ತಿರೋದು?"

"ಒಂದು ಹಡಗು ಕಾಣ್ತಿದೆ ನೋಡು. ಅದು ಹಾಯಿಪಟ, ಅದು ಕಂಬ. ಎಷ್ಟು ಚೆನ್ನಾಗಿ ತೇಲ್ತಿದೆ."

ಅವಳು ನನ್ನ ಪಕ್ಕದಲ್ಲಿ ಕೂತಳು. ತಲೆಯನ್ನು ಅತ್ತ ಇತ್ತ ವಾಲಿಸಿ ಬಹಳ ಹೊತ್ತು ನೋಡಿದಳು. ಅವಳಿಗೂ ಕಂಡಿತೆಂದು ನನಗೆ ಸಂತೋಷವಾಯಿತು.

"ಹೌದು ರೀ, ಹಡಗೇ," ಎಂದಳು ಮೆಲ್ಲಗೆ. "ನೀವೇ ನಡೆಸ್ತಿರಬೇಕು. ಮುಳುಗ್ತಾ ಇದೆ."