ದಿವಾಳಿ ಮೇಷ್ಟ್ರ ಠೇವಣಿ

ಎಲ್ಲ ಎಡವಟ್ಟಿಗೂ ಮೂಲ ಒಂದು ಗೋಣಿಚೀಲ. ಆ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇರುವಾಗ ಮೇಷ್ಟ್ರು ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಓಣಿಯ ಕಡೆಯ ಸಣ್ಣ ಬಾಗಿಲಿನಿಂದ ಹೊರಬಂದರು. ಭಾರಕ್ಕೆ ಬೆನ್ನು ಬಾಗಿತ್ತು, ಮುಖ ಮಾತ್ರ ಅರಳಿತ್ತು. ಚೀಲದಲ್ಲಿದ್ದದ್ದು ಗೆದ್ದಲು ತಿಂದು ಉಳಿಸಿದ ಎಂಟು ಹಳೆಯ ಲೆಕ್ಕದ ಪುಸ್ತಕಗಳು. ಉಗ್ರಾಣ ಗುಡಿಸಿ ರದ್ದಿಗೆ ಹಾಕುವ ಮುಂಚೆ ಬ್ಯಾಂಕಿನ ಮ್ಯಾನೇಜರು ನೆನಪಿಟ್ಟುಕೊಂಡು ಇವರಿಗೆ ಹೇಳಿ ಕಳಿಸಿದ್ದರು.

ಆ ಪೇಟೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ದಿವಾಳಿ ಮೇಷ್ಟ್ರು ಎಂದೇ. ಹಾಗೆಂದು ಅವರೇನೂ ದಿವಾಳಿಯೆದ್ದವರಲ್ಲ. ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದರು. ಯಾವ ದೇಶ ಯಾವ ದೇಶದಿಂದ ಸಾಲ ತಂದಿತು, ಯಾವಾಗ ತೀರಿಸಲಾಗದೆ ಕೈಯೆತ್ತಿತು, ಆ ಸುದ್ದಿ ಸಮುದ್ರ ದಾಟಿ ಬಂದು ಸಂಬಂಧವೇ ಇಲ್ಲದ ಇನ್ನೆಲ್ಲಿಯದೋ ಬ್ಯಾಂಕನ್ನು ಹೇಗೆ ಮುಳುಗಿಸಿತು ಎನ್ನುವುದು ಅವರ ಇಪ್ಪತ್ತಾರು ವರ್ಷಗಳ ವ್ಯಾಸಂಗ. ಪುಸ್ತಕದ ಕೊನೆಯ ಅಧ್ಯಾಯವೊಂದು ಬಾಕಿಯಿತ್ತು. ಅದಕ್ಕೆ ಬೇಕಾದ ಪತ್ರಗಳು ಕಡಲಾಚೆಯ ದಾಖಲೆಗಳ ಮನೆಯೊಂದರಲ್ಲಿ, ನಲವತ್ತೊಂದನೇ ಪೆಟ್ಟಿಗೆಯಲ್ಲಿದ್ದವು. ಅಲ್ಲಿಗೆ ಹೋಗಿಬರಲೆಂದು ಗಂಡ ಹೆಂಡತಿ ಒಂಬತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟಿದ್ದರು. ಟಿಕೆಟ್ ಏಜೆಂಟನಿಗೆ ಕೊಡಲು ಹಿಂದಿನ ದಿನವಷ್ಟೇ ವಿಶ್ವವಿದ್ಯಾಲಯದ ಎದುರಿನ ದೊಡ್ಡ ಬ್ಯಾಂಕಿನಿಂದ ಆ ಹಣ ಬಿಡಿಸಿ ತಂದು ಬೀರುವಿನಲ್ಲಿಟ್ಟಿದ್ದರು.

ಓಣಿಯ ತುದಿಯಲ್ಲಿ ಔಷಧಿ ಅಂಗಡಿಯವರು ಷಟರ್ ಎತ್ತುತ್ತಿದ್ದರು. ಬ್ಯಾಂಕಿನ ಕಳ್ಳಬಾಗಿಲು, ಭಾರದ ಚೀಲ, ಅದರ ಮೇಲೆ ಧೂಳಿಗೆಂದು ಹೊದಿಸಿದ ಟವೆಲ್ಲು, ಮೂರನ್ನೂ ಒಂದೇ ನೋಟದಲ್ಲಿ ನೋಡಿಕೊಂಡು, ಏನು ಮೇಷ್ಟ್ರೇ ಇಷ್ಟು ಬೇಗ ಎಂದು ವಿಚಾರಿಸಿದರು. ಮೇಷ್ಟ್ರಿಗೆ ಏದುಸಿರು.

"ಇವತ್ತು ತಗೊಳ್ದೇ ಇದ್ದಿದ್ರೆ ಆಮೇಲೆ ಸಿಕ್ತಾನೇ ಇರ್ಲಿಲ್ಲ ನೋಡಿ" ಎಂದಷ್ಟೇ ಹೇಳಿ ನಡೆದರು.

ಅರ್ಧ ಎತ್ತಿದ ಷಟರ್ ಹಾಗೇ ಕೆಳಗಿಳಿಯಿತು. ಔಷಧಿಯವರು ಎದುರಿನ ದರ್ಜಿ ಅಕ್ಕನ ಅಂಗಡಿಗೆ ಹೋಗಿ ಪಿಸುಗುಟ್ಟಿದರು. ದರ್ಜಿ ಅಕ್ಕ ಹೊಲಿಗೆಯನ್ನು ಸೂಜಿಯ ಸಮೇತ ಬಿಟ್ಟು ಮಹಡಿಯ ನಿವೃತ್ತ ಸ್ಟೇಷನ್ ಮಾಸ್ಟರಿಗೆ ಹೇಳಿದಳು. ಅವರು ನಲವತ್ತು ವರ್ಷ ರೈಲು ಬರುವುದನ್ನು ಕೂಗಿ ಹೇಳಿದವರು, ಪಿಸುಗುಟ್ಟುವ ಅಭ್ಯಾಸವೇ ಇರಲಿಲ್ಲ. ಹತ್ತು ಗಂಟೆಗೆ ಮ್ಯಾನೇಜರು ಬಾಗಿಲು ತೆಗೆದಾಗ ಹೊರಗಿನ ಸಾಲು ಬೀದಿ ಮುಗಿಸಿ ಮೂಲೆ ತಿರುಗಿತ್ತು.

ಮ್ಯಾನೇಜರ ಫೋನ್ ಬಂದಾಗ ಮೇಷ್ಟ್ರು ಮೊದಲ ಪುಸ್ತಕದ ಧೂಳು ಒರೆಸುತ್ತಿದ್ದರು. ಹಾಕಿದ್ದ ಚಪ್ಪಲಿಯಲ್ಲೇ ಓಡಿದರು. ಬ್ಯಾಂಕಿನ ಮುಂದೆ ಬಂದವರು ಹಾಗೇ ನಿಂತುಬಿಟ್ಟರು. ಇಂಥ ಸಾಲುಗಳ ಬಗ್ಗೆ ಅವರು ಮುನ್ನೂರು ಪುಟ ಬರೆದಿದ್ದರು. ಕಣ್ಣಾರೆ ಕಂಡಿದ್ದು ಇದೇ ಮೊದಲು. "ಠೇವಣಿದಾರರು ಕಳವಳಗೊಂಡರು" ಎಂದು ಅವರು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ ಸಂಗತಿಗೆ ಇಲ್ಲಿ ಮುಖಗಳಿದ್ದವು. ದರ್ಜಿ ಅಕ್ಕ ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮಗಳ ನರ್ಸಿಂಗ್ ಕಾಲೇಜಿಗೆಂದು ಆಕೆ ಹನ್ನೊಂದು ವರ್ಷ ಕುಪ್ಪಸ ಹೊಲಿದು ಇಟ್ಟದ್ದು ಆ ಪುಸ್ತಕದಲ್ಲಿತ್ತು.

ಅವರು ಮನೆಗೆ ವಾಪಸ್ಸು ಓಡಿ ಚೀಲ ಹೊತ್ತು ತಂದು ಎಲ್ಲರೆದುರು ಮೆಟ್ಟಿಲ ಮೇಲೆ ಸುರಿದರು. ಇದರಲ್ಲಿ ಹಣವಿಲ್ಲ, ಬರೀ ಹಳೇ ಲೆಕ್ಕದ ಪುಸ್ತಕ ಎಂದು ಬಿಡಿಸಿ ಹೇಳಿದರು. ಜನ ಬಗ್ಗಿ ಪುಸ್ತಕಗಳನ್ನು ನೋಡಿದರು. ಆಮೇಲೆ ಸ್ಟೇಷನ್ ಮಾಸ್ಟರು ನಿಧಾನವಾಗಿ ಕೇಳಿದರು.

"ಲೆಕ್ಕದ ಪುಸ್ತಕಾನೇ ಹೊರಗೆ ಸಾಗಿಸ್ತಿದ್ದಾರೆ ಅಂದ್ಮೇಲೆ, ಒಳಗೆ ನಮ್ಮದು ಎಷ್ಟಿದೆ ಅಂತ ಇನ್ನು ಯಾರು ಹೇಳ್ತಾರೆ?"

ಸಾಲು ಮುಂದಕ್ಕೆ ನುಗ್ಗಿತು. ಬ್ಯಾಂಕುಗಳನ್ನು ಮುಳುಗಿಸುವುದು ನಷ್ಟವಲ್ಲ, ಭಯ ಎಂದು ಮೇಷ್ಟ್ರು ಪಾಠ ಮಾಡುವ ದನಿಯಲ್ಲಿ ತಿಳಿಹೇಳಲು ನೋಡಿದರು. ಹಿಂದಿನವರಿಗೆ ಮುಳುಗುತ್ತದೆ ಎಂಬುದು ಮಾತ್ರ ಕೇಳಿಸಿತು. ಮ್ಯಾನೇಜರು ಅವರ ರಟ್ಟೆ ಹಿಡಿದು ತಮ್ಮ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

ಮ್ಯಾನೇಜರು ಒಳ್ಳೆಯ ಮನುಷ್ಯ. ಬೆವರಿ ಅಂಗಿಯೆಲ್ಲ ಒದ್ದೆಯಾಗಿತ್ತು. ಪ್ರಧಾನ ಕಚೇರಿಯಿಂದ ಹಣದ ವ್ಯಾನು ಹೊರಟಿದೆಯಂತೆ, ಐದು ಗಂಟೆಗೆ ಬರುತ್ತದೆ, ಅಷ್ಟು ಹೊತ್ತು ಹೇಗಾದರೂ ತಳ್ಳಬೇಕು ಎಂದರು. ಮೇಷ್ಟ್ರ ವಿದ್ಯೆ ಮೊಟ್ಟಮೊದಲ ಬಾರಿಗೆ ಉಪಯೋಗಕ್ಕೆ ಬಂತು. ನೋಟಿನ ಕಟ್ಟುಗಳನ್ನು ಗಾಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಜೋಡಿಸಿ ಎಂದರು. ಸಣ್ಣ ನೋಟುಗಳಲ್ಲಿ ಕೊಡಿ, ಎರಡೆರಡು ಸಲ ಎಣಿಸಿ, ಊಟದ ಬಿಡುವಿಗೂ ಬಾಗಿಲು ಹಾಕಬೇಡಿ ಎಂದರು. ನೂರು ವರ್ಷಗಳ ಹಿಂದೆ ಮೂರು ಖಂಡಗಳಲ್ಲಿ ನಡೆದ ಉಪಾಯಗಳೆಲ್ಲ ಆ ಸಣ್ಣ ಕೌಂಟರಿನಲ್ಲಿ ನಡೆದವು. ನಾಲ್ಕರ ಹೊತ್ತಿಗೆ ಔಷಧಿಯವರು, ದರ್ಜಿ ಅಕ್ಕ, ಸ್ಟೇಷನ್ ಮಾಸ್ಟರು ಎಲ್ಲರೂ ತಮ್ಮದನ್ನು ತೆಗೆದುಕೊಂಡು ಹೋಗಿದ್ದರು. ಸಾಲಿನಲ್ಲಿ ಉಳಿದವರು ಹದಿನಾಲ್ಕು ಮಂದಿ. ಹಣದ ಪೆಟ್ಟಿಗೆಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ.

ಮ್ಯಾನೇಜರು ಮೇಷ್ಟ್ರ ಮುಖ ನೋಡಿದರು. ಪುಸ್ತಕದಲ್ಲಿ ಇನ್ನೊಂದು ಉಪಾಯ ಉಳಿದಿತ್ತು. ಊರು ನಂಬುವವನೊಬ್ಬ ಎಲ್ಲರ ಎದುರಿಗೆ ಬಂದು ಹಣ ಕಟ್ಟಬೇಕು. ಅದನ್ನು ಬರೆದವರೇ ಮೇಷ್ಟ್ರು.

ಮನೆಯಲ್ಲಿ ಹೆಂಡತಿ ಬೀರುವಿನ ಬೀಗದ ಕೈ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಆ ಪ್ರಯಾಣಕ್ಕೆಂದು ಆಕೆ ಅವರ ಹಳೆಯ ಕೋಟಿಗೆ ಹೊಸ ಅಸ್ತರು ಹಾಕಿಸಿದ್ದಳು.

"ಐದು ಗಂಟೆಗೆ ವ್ಯಾನ್ ಬರತ್ತೆ. ನಾಳೆ ಬೆಳಿಗ್ಗೆ ತೆಗೆದುಬಿಡ್ತೀನಿ" ಎಂದರು ಮೇಷ್ಟ್ರು.

"ಬೆಂಕಿ ಹಚ್ಚಿದ್ದು ನೀವು ಅಂದ್ಮೇಲೆ ನೀರು ಹಾಕೋದೂ ನೀವೇ ಅಲ್ವಾ ರೀ" ಎಂದು ಆಕೆ ಹಣದ ಕವರನ್ನು ಕೈಗಿತ್ತಳು.

ಮೇಷ್ಟ್ರು ಹದಿನಾಲ್ಕು ಜನರ ನಡುವೆ ತಲೆಯೆತ್ತಿ ನಡೆದು, ಚೀಟಿ ತುಂಬಿ, ಕವರನ್ನು ಕೌಂಟರಿನಲ್ಲಿಟ್ಟರು. ಗುಮಾಸ್ತ ಮೊಹರು ಒತ್ತಿದ ಸದ್ದು ಎಲ್ಲರಿಗೂ ಕೇಳಿಸಿತು. ಜನ ಮೆಚ್ಚಿಕೊಂಡರು, ದೊಡ್ಡ ಮನಸ್ಸು ಎಂದರು. ಆದರೆ ಯಾರೂ ಸಾಲು ಬಿಟ್ಟು ಕದಲಲಿಲ್ಲ. ಮೇಷ್ಟ್ರ ನೋಟುಗಳು ಆ ಕಿಟಕಿಯಿಂದ ಒಳಗೆ ಹೋಗಿ ಈ ಕಿಟಕಿಯಿಂದ ಹೊರಬಂದು ಹದಿನಾಲ್ಕೂ ಮಂದಿಯ ಜೇಬು ಸೇರಿದವು. ಕೊನೆಯವನು ಮೆಟ್ಟಿಲಿಳಿದಾಗ ಐದಕ್ಕೆ ಹತ್ತು ನಿಮಿಷ. ಮ್ಯಾನೇಜರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

ಐದಕ್ಕೆ ಸರಿಯಾಗಿ ವ್ಯಾನು ಬಂತು. ಅದರಿಂದ ಇಳಿದ ಇಬ್ಬರು ಅಧಿಕಾರಿಗಳು ತಂದಿದ್ದು ಹಣವನ್ನಲ್ಲ, ಬೀಗವನ್ನು.

ಪ್ರಧಾನ ಕಚೇರಿಯವರು ಹೆಚ್ಚಿನ ಬಡ್ಡಿಯ ಆಸೆಗೆ ದೂರದ ಯಾವುದೋ ದೇಶದ ಸಾಲಪತ್ರಗಳನ್ನು ರಾಶಿಗಟ್ಟಲೆ ಕೊಂಡಿದ್ದರಂತೆ. ಆ ದೇಶ ಹಿಂದಿನ ದಿನ ಕೈಯೆತ್ತಿತ್ತು. ಬ್ಯಾಂಕಿನ ವ್ಯವಹಾರ ಆ ಗಳಿಗೆಯಿಂದ ಬಂದ್. ಒಳಗಿರುವ ಠೇವಣಿ ಯಾವಾಗ ಸಿಕ್ಕೀತು, ಸಿಕ್ಕೀತೋ ಇಲ್ಲವೋ, ಅವರಿಗೂ ತಿಳಿಯದು. ದೇಶ ಕೈಯೆತ್ತಿದ ಸುದ್ದಿ ಅಂದಿನ ಪತ್ರಿಕೆಯ ಮೊದಲ ಪುಟದಲ್ಲೇ ಇತ್ತು. ನೂರ ಮೂವತ್ತು ವರ್ಷಗಳ ಹಿಂದಿನ ಪತ್ರಿಕೆಗಳನ್ನು ಸಾಲು ಬಿಡದೆ ಓದಿದ್ದ ಮೇಷ್ಟ್ರು ಆ ದಿನದ್ದನ್ನು ಬಿಡಿಸಿರಲಿಲ್ಲ.

ಆ ಶಾಖೆಯಲ್ಲಿ ಸಿಕ್ಕಿಕೊಂಡ ಠೇವಣಿ ಒಂದೇ ಒಂದು.

ಸಂಜೆ ಮೇಷ್ಟ್ರ ಮನೆಯ ಮುಂದೆ ಜನ ಸೇರಿದರು. ಬೈಯಲು ಬಂದವರು ಯಾರೂ ಇರಲಿಲ್ಲ. ಔಷಧಿಯವರು ಕೈಮುಗಿದರು. ದರ್ಜಿ ಅಕ್ಕ ಕಣ್ಣೊರೆಸಿಕೊಂಡು, ನೀವು ಸೂಚನೆ ಕೊಡದೇ ಇದ್ದಿದ್ದರೆ ನನ್ನ ಮಗಳ ಓದು ಅಲ್ಲಿಗೇ ಮುಗಿಯುತ್ತಿತ್ತು ಎಂದಳು. ಮೇಷ್ಟ್ರಿಗೆ ಆಕೆಯ ಮುಖ ಕಂಡು ನಿಜಕ್ಕೂ ಸಮಾಧಾನವಾಯಿತು. ತಮ್ಮ ಪ್ರಯಾಣ ತಪ್ಪಿದ ಸಂಕಟವನ್ನು ಆ ಹೊತ್ತಿಗೆ ನುಂಗಿಕೊಂಡರು.

ಆಗ ಸ್ಟೇಷನ್ ಮಾಸ್ಟರು ಮುಂದೆ ಬಂದರು.

"ಮೇಷ್ಟ್ರೇ, ಈ ದುಡ್ಡು ಈಗ ಎಲ್ಲಿಡೋಣ? ಯೂನಿವರ್ಸಿಟಿ ಎದುರಿನ ದೊಡ್ಡ ಬ್ಯಾಂಕು ಹೇಗೆ?"

ಬೆಳಗಿನಿಂದ ಬಾಯಿ ಬಿಟ್ಟಾಗಲೆಲ್ಲ ಆದ ಅನಾಹುತ ಮೇಷ್ಟ್ರ ಕಣ್ಣ ಮುಂದೆ ಬಂತು. ಈ ಸಲ ಅವರು ತುಟಿ ಬಿಚ್ಚಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಸ್ಟೇಷನ್ ಮಾಸ್ಟರು, ಅರ್ಥವಾಯಿತು ಬಿಡಿ ಎಂದು ಗಂಭೀರವಾಗಿ ಹೇಳಿ ಮೆಟ್ಟಿಲಿಳಿದರು.

ಮರುದಿನ ಎಂಟೂವರೆಗೆಲ್ಲ ದೊಡ್ಡ ಬ್ಯಾಂಕಿನ ಮುಂದೆ ಸಾಲು ವಿಶ್ವವಿದ್ಯಾಲಯದ ಗೇಟು ಮುಟ್ಟಿತ್ತು. ಮೇಷ್ಟ್ರ ಆ ತಿಂಗಳ ಸಂಬಳ ಅಲ್ಲೇ ಇತ್ತು. ಹೆಂಡತಿ ಪಾಸ್‌ಬುಕ್ ಹುಡುಕಿ ತೆಗೆದು ಚಪ್ಪಲಿ ಮೆಟ್ಟಿದಳು.

"ನಾನು ಹೋಗಿ ನಿಲ್ತೀನಿ. ನೀವು ದಯವಿಟ್ಟು ಕಿಟಕಿ ಹತ್ರಾನೂ ಬರ್ಬೇಡಿ."

ಆಕೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮೇಷ್ಟ್ರ ಹೆಂಡತಿಯೇ ಬಂದು ನಿಂತಿದ್ದನ್ನು ಕಂಡು, ಅಲ್ಲಿಯವರೆಗೆ ಅನುಮಾನಿಸುತ್ತ ದೂರ ನಿಂತಿದ್ದವರೆಲ್ಲ ಓಡಿಬಂದು ಆಕೆಯ ಮುಂದೆ ನುಗ್ಗಿದರು.